ಕಣ್ಣಿಗೂ ಅನುಮತಿ ಬೇಕು: ಫುಸ್ತಾತ್‌ನ ಕಿಟಕಿಯಿಂದ ಬರ್ಮಿಂಗ್‌ಹ್ಯಾಮ್‌ನ ಕ್ಯಾಮೆರಾದವರೆಗೆ

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ನಾವು ನೆರೆಯವರ ಹಕ್ಕಿನ ಬಗ್ಗೆ ಮಾತನಾಡುತ್ತಾ ಸಿಸಿ ಕ್ಯಾಮೆರಾಗಳ ವಿಷಯ ಎತ್ತಿದ್ದೆವು. ನಮಾಝ್ ಮುಗಿದ ಬಳಿಕ ಅಂಗಳದಲ್ಲಿ ಕೆಲವರು ನಮ್ಮನ್ನು ನಿಲ್ಲಿಸಿದರು. "ಉಸ್ತಾದರೇ, ಕಳ್ಳರ ಕಾಟ ಹೀಗಿರುವಾಗ ಕ್ಯಾಮೆರಾ ಬೇಡವೆಂದರೆ ಹೇಗೆ?" ಎಂದು ಒಬ್ಬ ಹಿರಿಯರು ಕೇಳಿದರು. ಪಕ್ಕದಲ್ಲಿದ್ದ ಕಾಲೇಜು ಹುಡುಗನ ಪ್ರಶ್ನೆ ಬೇರೆಯೇ ಇತ್ತು: "ನಮ್ಮ ಮೇಲೆ ಸದಾ ಯಾರದೋ ಕಣ್ಣಿರುವುದು ಸರಿಯೇ, ಉಸ್ತಾದ್?"

ಇಬ್ಬರದೂ ನ್ಯಾಯವಾದ ಪ್ರಶ್ನೆಯೇ. ಒಂದು ಸುರಕ್ಷತೆಯದು, ಇನ್ನೊಂದು ಖಾಸಗಿತನದ್ದು. ಖುತ್ಬಾದ ಹದಿನೈದು ನಿಮಿಷಗಳಲ್ಲಿ ಇವೆರಡಕ್ಕೂ ಉತ್ತರ ಹೇಳಲಾಗಲಿಲ್ಲ. ಆದ್ದರಿಂದ ಅಂದು ಹೇಳಿದ್ದರ ಸಾರಾಂಶದೊಂದಿಗೆ ಸ್ವಲ್ಪ ಇತಿಹಾಸವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡಬೇಕು. ಈ ಖುತ್ಬಾ ಹುಟ್ಟಿದ್ದೇ ಆ ತಪ್ಪಿನಿಂದ.

ಮಸೀದಿಯ ಹಿಂದಿನ ಗೋಡೆ

ಕಳೆದ ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿದು ಜನ ಚದುರಿದ ಮೇಲೆ ನಮ್ಮ ಮಸೀದಿಯ ಕಾಣಿಕೆ ಡಬ್ಬಿಯನ್ನು ಯಾರೋ ಒಡೆದರು. ಹಣ ದೊಡ್ಡದೇನಲ್ಲ. ಆದರೆ ಬಡವರಿಗೆಂದು ಜನ ಕೊಟ್ಟದ್ದು, ಅಮಾನತ್. ಜಮಾಅತ್ ಕಮಿಟಿ ಸಭೆ ಸೇರಿ ನಾಲ್ಕು ಕ್ಯಾಮೆರಾ ಹಾಕಿಸುವುದೆಂದು ತೀರ್ಮಾನಿಸಿತು. ನಮ್ಮ ಅಭಿಪ್ರಾಯ ಕೇಳಿದರು; ನಾವೂ ಒಪ್ಪಿದೆವು. ಅವುಗಳಲ್ಲಿ ಒಂದನ್ನು ವುಝೂ ಮಾಡುವ ಹೌಳ್ ಮತ್ತು ಹಿಂಬದಿಯ ಗೇಟು ಕಾಣುವಂತೆ ಹಿಂದಿನ ಗೋಡೆಗೆ ಎತ್ತರದಲ್ಲಿ ಕೂರಿಸಲಾಯಿತು.

ಎರಡು ವಾರ ಕಳೆದಿರಬಹುದು. ಹಿಂದಿನ ಮನೆಯ ಅಕ್ಕ ತಮ್ಮ ಬಾವಿಕಟ್ಟೆಯ ಸುತ್ತ ಹಳೆಯ ಸೀರೆಗಳನ್ನು ಕಟ್ಟಿದ್ದಾರೆ ಎಂದು ಮುಅಝ್ಝಿನರ ಮನೆಯವರು ಹೇಳಿಕಳುಹಿಸಿದರು. ಆ ಅಕ್ಕ ಹಿಂದೂ ಕುಟುಂಬದವರು, ಮೂವತ್ತು ವರ್ಷಗಳಿಂದ ನಮ್ಮ ಮಸೀದಿಯ ನೆರೆಯವರು. ನಮ್ಮೊಡನೆ ಒಂದು ಮಾತೂ ಆಡಿರಲಿಲ್ಲ. ಮಸೀದಿಯ ವಿಷಯ, ಹೇಳಿದರೆ ಏನಾದರೂ ಆದೀತು ಎಂದು ಸುಮ್ಮನಿದ್ದರಂತೆ. ನಾವು ಕಾರ್ಯದರ್ಶಿಯವರ ಮೊಬೈಲ್ ಪಡೆದು ನೋಡಿದೆವು. ಗೇಟು ಪರದೆಯ ಒಂದು ಮೂಲೆಯಲ್ಲಿತ್ತು. ಮುಕ್ಕಾಲು ಪಾಲು ಪರದೆಯಲ್ಲಿ ಕಾಣುತ್ತಿದ್ದುದು ಅವರ ಬಾವಿ, ಬಟ್ಟೆ ಒಗೆಯುವ ಕಲ್ಲು ಮತ್ತು ಬಚ್ಚಲ ಬಾಗಿಲು. ಆ ದೃಶ್ಯ ಕಮಿಟಿಯ ಐದು ಜನರ ಮೊಬೈಲಿನಲ್ಲಿ ಹಗಲೂ ರಾತ್ರಿ ತೆರೆದಿತ್ತು. ಕ್ಯಾಮೆರಾ ಕೂರಿಸಿದ ಹುಡುಗನ ಬಳಿಯೂ ಅದರ ಪಾಸ್‌ವರ್ಡ್ ಇತ್ತು.

ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಕಳ್ಳನನ್ನು ಹುಡುಕಲು ಹೊರಟವರು ನೆರೆಮನೆಯ ಹೆಂಗಸಿನ ಅಂಗಳದಲ್ಲಿ ಕಣ್ಣಿಟ್ಟು ಕುಳಿತಿದ್ದೆವು. ಅದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಆ ರಾತ್ರಿ ನಾವು ಹಳೆಯ ಕಿತಾಬುಗಳನ್ನು ತೆರೆದು ಕುಳಿತೆವು.

ಅನುಮತಿ ಏಕೆ ಕೇಳಬೇಕು?

ಸೂರಃ ಅನ್ನೂರ್‌ನ 27ನೆಯ ವಚನ ಪರರ ಮನೆಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಕಲಿಸುತ್ತದೆ. ಸೂರಃ ಅಲ್ ಹುಜುರಾತ್‌ನ 12ನೆಯ ವಚನ ಗುಮಾನಿ, ಬೇಹುಗಾರಿಕೆ ಮತ್ತು ಗೀಬತ್ ಈ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಈ ಕ್ರಮವನ್ನು ಗಮನಿಸಬೇಕು. ಮೊದಲು ಮನಸ್ಸಿನಲ್ಲಿ ಗುಮಾನಿ ಹುಟ್ಟುತ್ತದೆ. ಗುಮಾನಿ ಬಂದವನು ಇಣುಕಿ ನೋಡುತ್ತಾನೆ. ಇಣುಕಿ ಕಂಡದ್ದನ್ನು ನಾಲ್ಕು ಜನರಿಗೆ ಹೇಳುತ್ತಾನೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಂಶಯ, ಕ್ಯಾಮೆರಾ, ವಾಟ್ಸಾಪ್ ಗ್ರೂಪು.

ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಒಂದು ಘಟನೆಯಿದೆ. ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಕೋಣೆಯ ರಂಧ್ರವೊಂದರಿಂದ ಒಳಗೆ ಇಣುಕಿದ. ಪ್ರವಾದಿ(ಸ)ರ ಕೈಯಲ್ಲಿ ತಲೆ ಬಾಚುವ ಕಡ್ಡಿಯಂಥ ಸಾಧನವಿತ್ತು. ಅವರು ಅವನನ್ನು ಬಲವಾಗಿ ಎಚ್ಚರಿಸಿದರು. ಅನುಮತಿ ಕೇಳುವ ನಿಯಮ ಬಂದಿರುವುದೇ ದೃಷ್ಟಿಯ ಕಾರಣದಿಂದ ಎಂದು ತಿಳಿಸಿದರು. ಅಂದರೆ ಕಾಲು ಹೊಸ್ತಿಲು ದಾಟದಿದ್ದರೂ ಕಣ್ಣು ದಾಟಿದರೆ ಒಳಗೆ ನುಗ್ಗಿದಂತೆಯೇ. ಕ್ಯಾಮೆರಾಕ್ಕೆ ಕಾಲಿಲ್ಲ, ಅದಕ್ಕಿರುವುದು ಕಣ್ಣು ಮಾತ್ರ. ಈ ಹದೀಸ್ ಅದಕ್ಕೆ ಎಷ್ಟು ನೇರವಾಗಿ ಅನ್ವಯಿಸುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ರಾತ್ರಿ ಗಸ್ತು ತಿರುಗಿದ ಖಲೀಫರು

ಹಾಗಾದರೆ ಸುರಕ್ಷತೆ ಬೇಡವೇ? ಖಂಡಿತ ಬೇಕು. ಹಝ್ರತ್ ಉಮರ್(ರ) ಮದೀನದ ಬೀದಿಗಳಲ್ಲಿ ರಾತ್ರಿ ತಾವೇ ಗಸ್ತು ತಿರುಗುತ್ತಿದ್ದುದು ಮಕ್ಕಳಿಗೂ ಗೊತ್ತಿರುವ ವಿಷಯ. ಜನರ ಪ್ರಾಣ, ಸೊತ್ತು, ಮಾನಗಳನ್ನು ಕಾಯುವುದು ಆಡಳಿತಗಾರನ ಹೊಣೆ. ಆದರೆ ಆ ಗಸ್ತಿಗೂ ಒಂದು ಮಿತಿಯಿತ್ತು.

ಇಮಾಮ್ ಗಝಾಲಿ(ರಹ್) ತಮ್ಮ 'ಇಹ್ಯಾ'ದಲ್ಲಿ ಉಲ್ಲೇಖಿಸಿರುವ ಒಂದು ವರದಿ ಹೀಗಿದೆ. ಗಸ್ತಿನ ಒಂದು ರಾತ್ರಿ ಉಮರ್(ರ) ಒಂದು ಮನೆಯ ಗೋಡೆ ಹತ್ತಿ ಒಳಗಿದ್ದವನನ್ನು ತಪ್ಪು ಮಾಡುತ್ತಿರುವಾಗಲೇ ಹಿಡಿದರು. ಅವನು ಹೆದರದೆ ಉತ್ತರಿಸಿದ: ನಾನು ಒಂದು ವಿಷಯದಲ್ಲಿ ಅಲ್ಲಾಹನ ಆಜ್ಞೆ ಮೀರಿದ್ದರೆ ತಾವು ಮೂರರಲ್ಲಿ ಮೀರಿದ್ದೀರಿ. ಬೇಹುಗಾರಿಕೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿ ಇಲ್ಲದೆ ಸಲಾಮ್ ಹೇಳದೆ ಒಳಬಂದಿರಿ. ಖಲೀಫರು ಆ ಮಾತನ್ನು ಒಪ್ಪಿಕೊಂಡರು. ಮುಂದೆ ತಪ್ಪು ಮಾಡುವುದಿಲ್ಲವೆಂಬ ಮಾತು ಪಡೆದು ಅವನನ್ನು ಬಿಟ್ಟುಬಿಟ್ಟರು.

ಇದರಲ್ಲಿ ಎರಡು ಪಾಠಗಳಿವೆ. ಕಾವಲು ಕಾಯುವವನೂ ನಿಯಮಕ್ಕೆ ಒಳಪಟ್ಟವನು ಎಂಬುದು ಒಂದು. ತಪ್ಪಿತಸ್ಥನಿಗೂ ಮನೆಯ ಗೋಡೆಯೊಳಗೆ ಒಂದು ಹಕ್ಕಿದೆ ಎಂಬುದು ಇನ್ನೊಂದು.

ಖಾರಿಜರ ಮಹಡಿ ಕೋಣೆ

ನಮಗೆ ಹೆಚ್ಚು ಹಿಡಿಸಿದ್ದು ಈಜಿಪ್ಟಿನ ಒಂದು ಘಟನೆ. ಕ್ರಿ.ಶ. 641ರ ಸುಮಾರಿಗೆ ಅಮ್ರ್ ಇಬ್ನುಲ್ ಆಸ್(ರ) ನೈಲ್ ನದಿಯ ದಡದಲ್ಲಿ ಫುಸ್ತಾತ್ ನಗರವನ್ನು ಕಟ್ಟಿದರು. ಇಂದಿನ ಕೈರೋ ನಗರದ ಹಳೆಯ ಭಾಗ ಅದು. ಅಲ್ಲಿ ಮೊತ್ತಮೊದಲು ಮಹಡಿಯ ಮೇಲೆ ಕೋಣೆ ಕಟ್ಟಿದವರು ಖಾರಿಜ ಬಿನ್ ಹುಝಾಫ(ರ) ಎಂಬ ಸಹಾಬಿ ಎಂದು ಒಂಬತ್ತನೆಯ ಶತಮಾನದ ಈಜಿಪ್ಟ್ ಇತಿಹಾಸಕಾರ ಇಬ್ನ್ ಅಬ್ದುಲ್ ಹಕಮ್ ಬರೆದಿದ್ದಾರೆ. ಆ ಕೋಣೆಯಿಂದ ನೆರೆಯವರ ಮನೆಯೊಳಗು ಕಾಣುತ್ತದೆ ಎಂಬ ಸುದ್ದಿ ಮದೀನದಲ್ಲಿದ್ದ ಉಮರ್(ರ)ರ ಕಿವಿಗೆ ಬಿತ್ತು.

ಒಂದು ವರದಿಯ ಪ್ರಕಾರ ಖಲೀಫರು ಅಮ್ರ್(ರ)ರಿಗೆ ಪತ್ರ ಬರೆದು ಒಂದು ಪರೀಕ್ಷೆ ಸೂಚಿಸಿದರು. ಆ ಕೋಣೆಯಲ್ಲಿ ಒಂದು ಮಂಚ ಇಡಿಸಬೇಕು. ಅದರ ಮೇಲೆ ತೀರ ಎತ್ತರವೂ ಅಲ್ಲದ, ಕುಳ್ಳನೂ ಅಲ್ಲದ ಒಬ್ಬನನ್ನು ನಿಲ್ಲಿಸಬೇಕು. ಕಿಟಕಿಯಿಂದ ಅವನಿಗೆ ಹೊರಗೆ ಕಾಣಿಸಿದರೆ ಕೋಣೆಯನ್ನು ಕೆಡವಬೇಕು. ಅಮ್ರ್(ರ) ಹಾಗೆಯೇ ಮಾಡಿಸಿದರು. ನಿಂತವನ ಕಣ್ಣು ಕಿಟಕಿಯ ಮಟ್ಟ ಮುಟ್ಟಲಿಲ್ಲ. ಕೋಣೆ ಉಳಿಯಿತು.

ಎಷ್ಟು ಸರಳವಾದ ನ್ಯಾಯ ನೋಡಿ. ಮಹಡಿ ಕಟ್ಟುವುದೇ ತಪ್ಪು ಎಂದು ಖಲೀಫರು ಹೇಳಲಿಲ್ಲ. ಖಾರಿಜ(ರ) ಒಳ್ಳೆಯವರು, ಇಣುಕುವವರಲ್ಲ ಎಂದು ಸುಮ್ಮನೆ ಬಿಡಲೂ ಇಲ್ಲ. ಕಟ್ಟಿದವನ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗೇ ಹೋಗದೆ, ಆ ಕಿಟಕಿಯಿಂದ ಕಣ್ಣು ಎಲ್ಲಿಗೆ ಮುಟ್ಟುತ್ತದೆ ಎಂದು ಅಳೆದು ನೋಡಿದರು. ಮುಂದಿನ ಶತಮಾನಗಳಲ್ಲಿ ಫಿಕ್ಹ್ ವಿದ್ವಾಂಸರು ಕಿಟಕಿ, ಮಾಳಿಗೆ, ಬಾಗಿಲುಗಳ ಬಗ್ಗೆ ನೆರೆಯವರ ವ್ಯಾಜ್ಯಗಳನ್ನು ತೀರ್ಮಾನಿಸುವಾಗಲೂ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದಾರೆ.

ಖಾರಿಜ(ರ)ರ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅವರು ಈಜಿಪ್ಟಿನ ಶುರ್ತಾದ, ಅಂದರೆ ಕಾವಲು ಪಡೆಯ, ಮುಖ್ಯಸ್ಥರೂ ಆಗಿದ್ದರು. ಹಿಜರಿ 40ರ ರಮಝಾನಿನಲ್ಲಿ ಮೂವರು ಖವಾರಿಜರು ಒಳಸಂಚು ಮಾಡಿ ಅಲಿ(ರ), ಮುಆವಿಯ(ರ) ಮತ್ತು ಅಮ್ರ್(ರ) ಈ ಮೂವರನ್ನೂ ಒಂದೇ ಮುಂಜಾನೆ ಕೊಲ್ಲಲು ಹೊರಟರು. ಕೂಫಾದಲ್ಲಿ ಹಝ್ರತ್ ಅಲಿ(ರ) ಶಹೀದರಾದರು. ಡಮಾಸ್ಕಸ್‌ನಲ್ಲಿ ಮುಆವಿಯ(ರ) ಗಾಯಗೊಂಡು ಬದುಕಿದರು. ಅಮ್ರ್(ರ) ಅಂದು ಅಸ್ವಸ್ಥರಾಗಿದ್ದುದರಿಂದ ಫಜ್ರ್ ನಮಾಝಿಗೆ ಅವರ ಬದಲಾಗಿ ಇಮಾಮತ್‌ಗೆ ನಿಂತವರು ಖಾರಿಜ(ರ). ಹಂತಕ ಇವರನ್ನೇ ಅಮ್ರ್ ಎಂದು ತಿಳಿದು ಕತ್ತಿ ಬೀಸಿದ.

ಮಸೀದಿಯೂ ಸುರಕ್ಷಿತವಲ್ಲ ಎಂಬುದನ್ನು ಉಮ್ಮತ್ ಅಂದು ಕಣ್ಣಾರೆ ಕಂಡಿತು. ಆ ಬಳಿಕ ಮುಆವಿಯ(ರ) ಮಸೀದಿಯೊಳಗೆ ತಾವು ನಿಲ್ಲುವ ಜಾಗಕ್ಕೆ 'ಮಕ್ಸೂರ' ಎಂಬ ತಡೆ ಕಟ್ಟಿಸಿ ಕಾವಲಿಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಭಯ ನಿಜವಾಗಿತ್ತು, ತಡೆಗೂ ಕಾರಣವಿತ್ತು. ಆದರೆ ಅಲ್ಲಿಯವರೆಗೆ ಜನರೊಂದಿಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ ಆಡಳಿತಗಾರ ಮತ್ತು ಜನರ ನಡುವೆ ಒಂದು ಗೋಡೆ ಎದ್ದಿತು. ಸುರಕ್ಷತೆ ಪುಕ್ಕಟೆಯಾಗಿ ಬರುವುದಿಲ್ಲ. ಏನನ್ನು ಕೊಟ್ಟು ಅದನ್ನು ಪಡೆಯುತ್ತಿದ್ದೇವೆ ಎಂಬ ಅರಿವು ನಮಗಿರಬೇಕು.

ಮಾವರ್ದಿಯವರ ತಕ್ಕಡಿ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದವರಲ್ಲಿ ಇಮಾಮ್ ಅಲ್ ಮಾವರ್ದಿ(ರಹ್) ಪ್ರಮುಖರು. ಬಸ್ರಾದಲ್ಲಿ ಹುಟ್ಟಿ, ಖಾಝಿಯಾಗಿ ಸೇವೆ ಸಲ್ಲಿಸಿ, 1058ರಲ್ಲಿ ಬಗ್ದಾದಿನಲ್ಲಿ ನಿಧನರಾದವರು. ಅವರ 'ಅಲ್ ಅಹ್ಕಾಮುಸ್ಸುಲ್ತಾನಿಯ್ಯ' ಆಡಳಿತದ ನಿಯಮಗಳ ಗ್ರಂಥ. ಅದರಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯ ಬಗ್ಗೆ ಒಂದು ಅಧ್ಯಾಯವಿದೆ. ಸಂತೆಯ ತೂಕ ಅಳತೆಯಿಂದ ಹಿಡಿದು ಬೀದಿಯ ಶಿಸ್ತಿನವರೆಗೆ ನೋಡಿಕೊಳ್ಳುವುದು ಅವನ ಕೆಲಸ. ಅವನಿಗೆ ಎಲ್ಲಿಯವರೆಗೆ ನೋಡುವ ಅಧಿಕಾರವಿದೆ?

ಬಹಿರಂಗವಾಗಿ ನಡೆಯುವುದನ್ನು ಅವನು ನೋಡಬಹುದು, ತಡೆಯಬಹುದು. ಮರೆಯಲ್ಲಿರುವುದನ್ನು ಕೆದಕುವ ಅಧಿಕಾರ ಅವನಿಗಿಲ್ಲ. ಇದು ಸಾಮಾನ್ಯ ನಿಯಮ. ಆದರೆ ಇದಕ್ಕೊಂದು ವಿನಾಯಿತಿಯಿದೆ. ಒಬ್ಬನು ಇನ್ನೊಬ್ಬನನ್ನು ಕೊಲ್ಲಲೆಂದು ಮರೆಗೆ ಕರೆದೊಯ್ದಿದ್ದಾನೆ ಎಂದು ನಂಬಲರ್ಹ ವ್ಯಕ್ತಿಯಿಂದ ಸುದ್ದಿ ಬಂದರೆ ಆಗ ಹುಡುಕಿ ಹೋಗಬಹುದು. ಏಕೆಂದರೆ ಹೋದ ಜೀವ ಮರಳಿ ಬಾರದು. ತಡಮಾಡಿದರೆ ಸರಿಪಡಿಸಲಾಗದ ಹಾನಿಯಾದೀತು. ಅದಕ್ಕಿಂತ ಕೆಳಗಿನ ವಿಷಯಗಳಿಗೆ, ಬರೀ ಗುಮಾನಿಯ ಮೇಲೆ, ಪರದೆ ಸರಿಸುವಂತಿಲ್ಲ.

ಇದರಲ್ಲಿ ಮೂರು ಷರತ್ತುಗಳು ಅಡಗಿವೆ. ಹಾನಿ ದೊಡ್ಡದಿರಬೇಕು, ಸುಳಿವು ನಂಬಲರ್ಹವಾಗಿರಬೇಕು, ಹುಡುಕಾಟ ಆ ನಿರ್ದಿಷ್ಟ ಘಟನೆಗೆ ಸೀಮಿತವಾಗಿರಬೇಕು. ಇಡೀ ಬೀದಿಯ ಮೇಲೆ ವರ್ಷಗಟ್ಟಲೆ ಕಣ್ಣಿಡಲು ಇದರಲ್ಲಿ ಅನುಮತಿಯಿಲ್ಲ. ಸಾವಿರ ವರ್ಷದ ಹಿಂದಿನ ಈ ತಕ್ಕಡಿಯನ್ನು ಹಿಡಿದುಕೊಂಡೇ ಈಗ ನಾವು ನಮ್ಮ ಕಾಲದ ಒಂದು ಊರಿಗೆ ಹೋಗೋಣ.

ಬರ್ಮಿಂಗ್‌ಹ್ಯಾಮ್, 2010

2005ರ ಜುಲೈ 7ರಂದು ಲಂಡನ್ನಿನ ರೈಲು ಮತ್ತು ಬಸ್ಸಿನಲ್ಲಿ ನಾಲ್ವರು ಬಾಂಬ್ ಸಿಡಿಸಿ 52 ಅಮಾಯಕರನ್ನು ಕೊಂದರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಆ ನಾಲ್ವರು ಯಾರೆಂದು ತಿಳಿಯಲು ರೈಲು ನಿಲ್ದಾಣಗಳ ಕ್ಯಾಮೆರಾ ದೃಶ್ಯಗಳು ಪೊಲೀಸರಿಗೆ ನೆರವಾದವು. ದಾಳಿಯನ್ನು ತಡೆಯಲು ಅವುಗಳಿಂದ ಆಗಲಿಲ್ಲ ಎಂಬುದೂ ನಿಜ. 2007ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬ್ರಿಟಿಷ್ ಸೇನೆಯ ಒಬ್ಬ ಮುಸ್ಲಿಮ್ ಸೈನಿಕನನ್ನು ಅಪಹರಿಸಿ ಕೊಲ್ಲುವ ಸಂಚು ಬಯಲಾಯಿತು. ಸಂಚಿನ ಮುಖ್ಯಸ್ಥನಿಗೆ ಮರುವರ್ಷ ಜೀವಾವಧಿ ಶಿಕ್ಷೆಯಾಯಿತು. ಆದ್ದರಿಂದ ಅಲ್ಲಿನ ಪೊಲೀಸರ ಭಯ ಕಟ್ಟುಕತೆಯಾಗಿರಲಿಲ್ಲ. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು.

ಅದಕ್ಕೆ ಅವರು ಮಾಡಿದ ಯೋಜನೆಯ ಹೆಸರು 'ಪ್ರಾಜೆಕ್ಟ್ ಚಾಂಪಿಯನ್'. ನಗರದ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಎಂಬ, ಮುಸ್ಲಿಮರು ಹೆಚ್ಚಾಗಿ ವಾಸಿಸುವ ಪ್ರದೇಶಗಳಿಗೆ ಒಟ್ಟು 218 ಕ್ಯಾಮೆರಾಗಳು. ಬಹುಪಾಲು ಕ್ಯಾಮೆರಾಗಳು ವಾಹನಗಳ ನಂಬರ್ ಪ್ಲೇಟ್ ಓದಿ ದಾಖಲಿಸುವಂಥವು. ಅಂದರೆ ಆ ಬಡಾವಣೆಗಳಿಗೆ ಯಾರ ಗಾಡಿ ಬಂತು, ಯಾರದು ಹೋಯಿತು ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತಿತ್ತು. 218ರಲ್ಲಿ 72 ಕ್ಯಾಮೆರಾಗಳು ಯಾರಿಗೂ ಕಾಣದಂತೆ ಇಡಲೆಂದೇ ಇದ್ದವು. ವೆಚ್ಚ ಸುಮಾರು 30 ಲಕ್ಷ ಪೌಂಡ್.

ಜನರಿಗೂ ಅವರ ಕೌನ್ಸಿಲರುಗಳಿಗೂ ಹೇಳಿದ್ದು ಇದು ಬೀದಿ ಅಪರಾಧ ತಡೆಯುವ, ನಿವಾಸಿಗಳಿಗೆ ಧೈರ್ಯ ತುಂಬುವ ಯೋಜನೆ ಎಂದು. ಹಣ ಬಂದದ್ದು ಭಯೋತ್ಪಾದನೆ ವಿರುದ್ಧದ ನಿಧಿಯಿಂದ. 2010ರ ಜೂನ್‌ನಲ್ಲಿ ಪತ್ರಿಕೆಯೊಂದು ಈ ಸಂಗತಿಯನ್ನು ಹೊರತಂದಾಗ ಊರಿಗೆ ಊರೇ ಎದ್ದು ನಿಂತಿತು. ಹಾಗೆ ಎದ್ದವರು ಮುಸ್ಲಿಮರು ಮಾತ್ರವಲ್ಲ. ಅದೇ ಬೀದಿಗಳ ಬೇರೆ ನಿವಾಸಿಗಳು, ನಾಗರಿಕ ಹಕ್ಕುಗಳ ಸಂಘಟನೆಗಳು, ಕೌನ್ಸಿಲರುಗಳು ಒಟ್ಟಾಗಿ ಸಭೆ ನಡೆಸಿದರು, ನ್ಯಾಯಾಲಯಕ್ಕೆ ಹೋಗುವುದಾಗಿ ಎಚ್ಚರಿಸಿದರು. ಕ್ಯಾಮೆರಾಗಳನ್ನು ಚಾಲೂ ಮಾಡುವ ಮೊದಲೇ ಯೋಜನೆ ನಿಂತಿತು. ಕಂಬದ ಮೇಲಿದ್ದ ಕ್ಯಾಮೆರಾಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಲಾಯಿತು.

ಥೇಮ್ಸ್ ವ್ಯಾಲಿ ಎಂಬ ಬೇರೊಂದು ಪ್ರದೇಶದ ಪೊಲೀಸ್ ಮುಖ್ಯಸ್ಥೆ ಸಾರಾ ಥಾರ್ನ್‌ಟನ್ ಅವರಿಂದ ತನಿಖೆ ನಡೆಯಿತು. 2010ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಅವರ ವರದಿ ಸ್ವಂತ ಇಲಾಖೆಯವರನ್ನೂ ಬಿಡಲಿಲ್ಲ. ಕಾನೂನಿನ ಅಗತ್ಯಗಳ ಬಗ್ಗೆ ಸರಿಯಾಗಿ ಯೋಚಿಸಿಯೇ ಇಲ್ಲ, ಜನರೊಂದಿಗೆ ಪಾರದರ್ಶಕವಾಗಿ ನಡೆದುಕೊಂಡಿಲ್ಲ, ವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿದ್ದಿದೆ ಎಂದು ಅದು ಹೇಳಿತು. ಸ್ಥಳೀಯ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿದರು. 2011ರಲ್ಲಿ ಕಂಬಗಳನ್ನೇ ಕಿತ್ತು ತೆಗೆಯಲಾಯಿತು.

ಇದನ್ನು ಮಾವರ್ದಿಯವರ ತಕ್ಕಡಿಯಲ್ಲಿಟ್ಟು ನೋಡಿ. ಹಾನಿ ದೊಡ್ಡದು ಎಂಬ ಮೊದಲ ಷರತ್ತು ಪೂರ್ಣವಾಗಿತ್ತು. ಆದರೆ ನಿರ್ದಿಷ್ಟ ವ್ಯಕ್ತಿಯ ಮೇಲಿನ ಸುಳಿವಿನ ಬದಲು ಇಡೀ ಬಡಾವಣೆಯ ಮೇಲೆ ಗುಮಾನಿಯಿತ್ತು. ಹಾಲು ತರಲು ಹೋದವನೂ, ಮದ್ರಸಕ್ಕೆ ಮಗುವನ್ನು ಬಿಡಲು ಬಂದ ತಾಯಿಯೂ ಅದೇ ಲೆಕ್ಕಕ್ಕೆ ಸೇರುತ್ತಿದ್ದರು. ಕಾವಲಿನ ಹೆಸರಿನಲ್ಲಿ ಹೇಳಿದ ಅರೆಸತ್ಯವಂತೂ ಎಲ್ಲಕ್ಕಿಂತ ದೊಡ್ಡ ಹಾನಿ ಮಾಡಿತು. ಸಂಚುಗಳ ಸುಳಿವು ಪೊಲೀಸರಿಗೆ ಬಹಳ ಸಲ ಸಿಗುವುದು ಅದೇ ಬೀದಿಯ ಜನರಿಂದ. ಮಗನ ನಡೆ ನೋಡಿ ಹೆದರಿದ ತಾಯಿ, ಮಸೀದಿಯಲ್ಲಿ ಅನುಮಾನಾಸ್ಪದ ಮಾತು ಕೇಳಿದ ಹಿರಿಯರು ನಂಬಿಕೆಯಿದ್ದರೆ ಮಾತ್ರ ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಆ ನಂಬಿಕೆ ಹೋದರೆ 218 ಕ್ಯಾಮೆರಾಗಳಿಂದ ಅದನ್ನು ತುಂಬಿಕೊಡಲಾಗದು. ಜನರ ಗುಟ್ಟುಗಳನ್ನು ಕೆದಕುತ್ತ ಹೋದರೆ ಅವರನ್ನು ಕೆಡಿಸಿದಂತಾಗುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ಮುಆವಿಯ(ರ) ವರದಿ ಮಾಡಿದ್ದಾರೆ, ಅದು ಅಬೂದಾವೂದ್‌ನಲ್ಲಿದೆ. ಬರ್ಮಿಂಗ್‌ಹ್ಯಾಮ್ ಆ ಮಾತಿಗೆ ನಮ್ಮ ಕಾಲದ ಸಾಕ್ಷಿ.

ಬ್ರಿಟನ್ ಇದರಿಂದ ಸ್ವಲ್ಪ ಕಲಿತಿತು. 2012ರ ಕಾನೂನಿನ ಅಡಿಯಲ್ಲಿ ಮರುವರ್ಷ ಕ್ಯಾಮೆರಾಗಳಿಗೆ 12 ಮಾರ್ಗದರ್ಶಕ ಸೂತ್ರಗಳ ಸಂಹಿತೆ ಬಂತು. 2020ರ ಆಗಸ್ಟ್‌ನಲ್ಲಿ ವೇಲ್ಸ್ ಪ್ರದೇಶದ ಒಬ್ಬ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಅಲ್ಲಿನ ಪೊಲೀಸರು ಮುಖ ಗುರುತಿಸುವ ಕ್ಯಾಮೆರಾ ಬಳಸಿದ ರೀತಿ ಕಾನೂನುಬಾಹಿರ ಎಂದು ತೀರ್ಪಿತ್ತಿತು. ಕ್ಯಾಮೆರಾ ಎಲ್ಲಿ ಇಡಬೇಕು, ಯಾರನ್ನು ಹುಡುಕಬೇಕು ಎಂಬುದನ್ನು ಅಧಿಕಾರಿಗಳ ಇಚ್ಛೆಗೇ ಬಿಟ್ಟದ್ದು ಅದರ ಒಂದು ಕಾರಣ.

ನಮ್ಮ ನಾಡಿನಿಂದ ಎದ್ದ ಪ್ರಶ್ನೆ

ನಮ್ಮ ದೇಶದ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ದರೋಡೆ ಪ್ರಕರಣವೊಂದರಲ್ಲಿ ಹಿಡಿದು ಸಾಕ್ಷ್ಯವಿಲ್ಲವೆಂದು ಬಿಟ್ಟಿದ್ದರು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಮನೆ ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದುಪಡಿಸಿತು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದು ಬಹುಮತದ ತೀರ್ಪು ಹೇಳಿತು.

ಆ ಮಾತನ್ನು ತಿದ್ದಲು 55 ವರ್ಷ ಬೇಕಾಯಿತು. ತಿದ್ದಿಸಿದವರು ನಮ್ಮ ಕರ್ನಾಟಕದವರು ಎಂಬುದು ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಹಕ್ಕು ಮಿತಿಯಿಲ್ಲದ್ದಲ್ಲ ಎಂದೂ ಹೇಳಿತು. ಸರಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲೇ ಇರಬೇಕು. ಬಗ್ದಾದಿನ ಖಾಝಿ ತೂಗಿದ್ದಕ್ಕೂ ದಿಲ್ಲಿಯ ಪೀಠ ತೂಗಿದ್ದಕ್ಕೂ ಇರುವ ಹೋಲಿಕೆ ನಮಗೆ ಆಶ್ಚರ್ಯ ತಂದಿತು. ನ್ಯಾಯ ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ಅದೇ 2017ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಸುರಕ್ಷತೆಯ ಕಾನೂನನ್ನೂ ಮಾಡಿತು. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಕಾದಿಡಬೇಕು ಎನ್ನುತ್ತದೆ ಅದು. ಕಾನೂನಿಗೆ ವಿಧೇಯರಾಗಿರುವುದು ನಮ್ಮ ಕರ್ತವ್ಯ. ಜೊತೆಗೆ ಇನ್ನೊಂದು ಕಾನೂನನ್ನೂ ನೆನಪಿಡಬೇಕು. ಹೆಣ್ಣೊಬ್ಬಳನ್ನು ಅವಳ ಖಾಸಗಿ ಕ್ಷಣಗಳಲ್ಲಿ ಇಣುಕಿ ನೋಡುವುದು, ಚಿತ್ರೀಕರಿಸುವುದು 2013ರಿಂದ ನಮ್ಮ ದೇಶದಲ್ಲಿ ಶಿಕ್ಷಾರ್ಹ ಅಪರಾಧ. ಕ್ಯಾಮೆರಾ ಹಾಕಲು ಕಾನೂನು ಹೇಳಿದೆ ಎಂದವರಿಗೆ ಪಕ್ಕದ ಮನೆಯ ಬಚ್ಚಲು ನೋಡಲು ಯಾವ ಕಾನೂನೂ ಹೇಳಿಲ್ಲ.

ಮತ್ತೆ ಹಿಂದಿನ ಗೋಡೆಗೆ

ಬರ್ಮಿಂಗ್‌ಹ್ಯಾಮ್‌ನ ಕಥೆ ಓದುವಾಗ ನಮ್ಮ ಮನಸ್ಸು ನೋಯುತ್ತದೆ, ಸಿಟ್ಟೂ ಬರುತ್ತದೆ. ನಮ್ಮನ್ನು ಕೇಳದೆ, ನಮಗೆ ಹೇಳದೆ, ನಮ್ಮ ಬೀದಿಯ ಮೇಲೆಯೇ ಏಕೆ ಎಂದು ಕೇಳುತ್ತೇವೆ. ಸರಿಯಾದ ಪ್ರಶ್ನೆಯೇ. ಆದರೆ ಹಿಂದಿನ ಮನೆಯ ಆ ಅಕ್ಕ ನಮ್ಮನ್ನು ಕೇಳಬಹುದಾಗಿದ್ದದ್ದೂ ಅದೇ ಪ್ರಶ್ನೆ. ಅವರನ್ನು ಕೇಳಲಿಲ್ಲ, ಅವರಿಗೆ ಹೇಳಲಿಲ್ಲ. ಅಲ್ಲಿ ಅಧಿಕಾರ ಪೊಲೀಸರ ಕೈಯಲ್ಲಿತ್ತು, ಇಲ್ಲಿ ನಮ್ಮ ಕೈಯಲ್ಲಿತ್ತು. ಅಲ್ಲಿ ಜನ ಸಭೆ ಸೇರಿ ಮಾತನಾಡಿದರು. ಇಲ್ಲಿ ಒಬ್ಬ ಹೆಂಗಸು ಹಳೆಯ ಸೀರೆ ಕಟ್ಟಿಕೊಂಡು ಸುಮ್ಮನಾದರು. ನಾವು ಸರಕಾರದಿಂದ ಬೇಡುವ ನ್ಯಾಯವನ್ನು ನೆರೆಯವರಿಗೆ ಕೊಡದಿದ್ದರೆ ನಮ್ಮ ಬೇಡಿಕೆಗೆ ಏನು ಬೆಲೆ?

ಮರುದಿನ ಅಸರ್ ಬಳಿಕ ನಾವು ಅಮ್ರ್(ರ)ರ ವಿಧಾನವನ್ನೇ ಅನುಸರಿಸಿದೆವು. ಕಾರ್ಯದರ್ಶಿಯವರೂ ನಾವೂ ಆ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅಕ್ಕನ ಮಗ ಅವರ ಬಾವಿಕಟ್ಟೆಯ ಬಳಿ ನಿಂತ. ನಾವು ಮೊಬೈಲ್ ನೋಡುತ್ತಾ, ಕ್ಯಾಮೆರಾ ಹುಡುಗ ಏಣಿ ಹತ್ತಿ ತಿರುಗಿಸುತ್ತಾ, ಆ ಮಗನ ಕಾಲಿನ ತುದಿಯೂ ಪರದೆಯಲ್ಲಿ ಕಾಣದಂತಾಗುವವರೆಗೆ ಸರಿಪಡಿಸಿದೆವು. ಪರದೆಯನ್ನು ಅವರ ಕೈಗೇ ಕೊಟ್ಟು ನೋಡಲು ಹೇಳಿದೆವು. ಡಬ್ಬಿ ಒಡೆದವರು ಇಂದಿಗೂ ಸಿಕ್ಕಿಲ್ಲ. ಸೀರೆಗಳು ಇನ್ನೂ ಕೆಲವು ದಿನ ಹಾಗೆಯೇ ಇದ್ದವು. ಒಮ್ಮೆ ಹೋದ ನೆಮ್ಮದಿ ಕ್ಯಾಮೆರಾ ತಿರುಗಿಸಿದಷ್ಟು ಬೇಗ ಮರಳುವುದಿಲ್ಲ.

ಆ ಬಳಿಕ ನಮ್ಮ ಕಮಿಟಿ ಕೆಲವು ನಿಯಮಗಳನ್ನು ಬರೆದಿಟ್ಟುಕೊಂಡಿತು. ನಿಮ್ಮ ಮಸೀದಿಗೂ, ಅಂಗಡಿಗೂ, ಮನೆಗೂ ಅವು ಉಪಯೋಗಕ್ಕೆ ಬರಬಹುದು.

ಒಂದು, ಯಾವ ಹಾನಿಯನ್ನು ತಡೆಯಲು ಕ್ಯಾಮೆರಾ ಎಂದು ಮೊದಲು ಬರೆದಿಡಬೇಕು. ಡಬ್ಬಿ ಕಾಯಲು ಹಾಕಿದ ಕ್ಯಾಮೆರಾದಲ್ಲಿ ಯಾರು ಜಮಾಅತ್ ನಮಾಝಿಗೆ ಬಂದರು, ಯಾರು ಬರಲಿಲ್ಲ ಎಂದು ನೋಡಬಾರದು.

ಎರಡು, ಕೂರಿಸುವ ದಿನವೇ ಕಣ್ಣು ಎಲ್ಲಿಗೆ ಮುಟ್ಟುತ್ತದೆ ಎಂದು ನೆರೆಯವರನ್ನು ಕರೆದು ತೋರಿಸಬೇಕು. ಅವರ ಬಾಗಿಲು, ಕಿಟಕಿ, ಹಿತ್ತಲು ಕಾಣುವುದಾದರೆ ತಿರುಗಿಸಬೇಕು ಅಥವಾ ತೆಗೆಯಬೇಕು. ಶೌಚಾಲಯದ ಬಳಿ ಮತ್ತು ಮಹಿಳೆಯರ ನಮಾಝ್ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ.

ಮೂರು, ಇಲ್ಲಿ ಕ್ಯಾಮೆರಾ ಇದೆ ಎಂಬ ಫಲಕ ಎಲ್ಲರಿಗೂ ಕಾಣುವಂತಿರಬೇಕು. ಬಚ್ಚಿಟ್ಟ ಕಣ್ಣು ಕಾವಲಿನದ್ದಲ್ಲ.

ನಾಲ್ಕು, ದೃಶ್ಯ ಅಮಾನತ್. ಇಬ್ಬರ ಬಳಿ ಮಾತ್ರ ಪಾಸ್‌ವರ್ಡ್ ಇರಲಿ. ಕಳ್ಳತನವಾದರೆ ಪೊಲೀಸರಿಗೆ ಕೊಡಿ. ಅದರ ತುಣುಕನ್ನು ವಾಟ್ಸಾಪಿನಲ್ಲಿ ಹಂಚುವುದು ಗೀಬತ್. ಕಂಡದ್ದನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ಅದು ಬುಹ್ತಾನ್, ಸುಳ್ಳು ಆರೋಪ. ಅವಧಿ ಮುಗಿದ ದೃಶ್ಯ ತಾನಾಗಿ ಅಳಿಯುವಂತೆ ಮಾಡಿಡಿ.

ಐದು, ವರ್ಷಕ್ಕೊಮ್ಮೆ ಇದು ಇನ್ನೂ ಬೇಕೇ ಎಂದು ಕೇಳಿಕೊಳ್ಳಬೇಕು. ಮನೆಗಳಲ್ಲಿ ಮಕ್ಕಳ ಕೋಣೆಗೂ ಸೊಸೆಯ ಅಡುಗೆಮನೆಗೂ ಕ್ಯಾಮೆರಾ ಹಾಕಿ ವಿದೇಶದಿಂದ ನೋಡುತ್ತಿರುವವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ವಿಶ್ವಾಸದಿಂದ ನಡೆಯಬೇಕಾದ ಕಡೆ ಕಣ್ಣಿಟ್ಟರೆ ಕೊನೆಗೆ ವಿಶ್ವಾಸವೂ ಉಳಿಯುವುದಿಲ್ಲ.

ನಮ್ಮ ಬೀದಿಯಲ್ಲಿ ಸರಕಾರ ಕ್ಯಾಮೆರಾ ಹಾಕಿದರೆ ಕಲ್ಲು ಹೊಡೆಯುವುದು, ತಂತಿ ಕತ್ತರಿಸುವುದು ನಮ್ಮ ದಾರಿಯಲ್ಲ. ಯಾವ ಉದ್ದೇಶಕ್ಕೆ, ಯಾವ ಕಾನೂನಿನಡಿ, ಎಷ್ಟು ದಿನ, ಎಲ್ಲ ಬಡಾವಣೆಗಳಿಗೂ ಹೀಗೆಯೇ ಇದೆಯೇ ಎಂದು ಬರವಣಿಗೆಯಲ್ಲಿ ಕೇಳೋಣ. ಬೇರೆ ಸಮುದಾಯದ ನೆರೆಯವರನ್ನೂ ಜೊತೆಗೆ ಕರೆದುಕೊಂಡು ಕೇಳೋಣ. ಬರ್ಮಿಂಗ್‌ಹ್ಯಾಮ್‌ನ ಕಂಬಗಳು ಇಳಿದದ್ದು ಹೀಗೆ ಕೇಳಿದ್ದರಿಂದಲೇ.

ಅಂದು ಅಂಗಳದಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೂ ಆ ಹುಡುಗನಿಗೂ ನಮ್ಮ ಉತ್ತರ ಒಂದೇ. ಕಾವಲು ಬೇಕು, ಆದರೆ ಕಾವಲಿನ ಕಣ್ಣೂ ಅನುಮತಿ ಕೇಳಬೇಕು. ನಾವು ಮರೆಯಲ್ಲಿ ಮಾಡುವುದನ್ನೂ ಬಯಲಿನಲ್ಲಿ ಮಾಡುವುದನ್ನೂ ಒಂದೇ ಸಮನೆ ನೋಡುತ್ತಿರುವವನು ಅಲ್ಲಾಹನೊಬ್ಬನೇ. ಅವನು ನೋಡುತ್ತಾನೆ, ನಮ್ಮ ದೋಷಗಳನ್ನು ಮುಚ್ಚುತ್ತಾನೆ. ಅವನು ಹಾಕಿದ ಪರದೆಯನ್ನು ಸರಿಸುವವರಲ್ಲಿ ನಮ್ಮನ್ನು ಸೇರಿಸದಿರಲಿ. ನಮ್ಮ ನೆರೆಯವರು ನಮ್ಮ ಕೈಯಿಂದಲೂ, ನಾಲಗೆಯಿಂದಲೂ, ಕಣ್ಣಿನಿಂದಲೂ ಸುರಕ್ಷಿತರಾಗಿರುವಂತೆ ಅವನು ನಮಗೆ ತೌಫೀಕ್ ನೀಡಲಿ. ಆಮೀನ್.